ಕೂಲೆಂಟ್‌ಗೆ ಬಾಟಲಿ ಸುರಿದರೆ ಎಂಜಿನ್ ತಣ್ಣಗಾಗುತ್ತಾ? ಶಿರಾಡಿ ಘಾಟಿಯ ಒಂದು ಕೇಸು

ಗಾಡಿ ನಮ್ಮ ಭಾವನದ್ದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಹತ್ತು ವರ್ಷ ದಾಟಿದೆ. ಪುತ್ತೂರಿನಿಂದ ಬೆಂಗಳೂರಿಗೆ ಶಿರಾಡಿ ಮೇಲೆ ಓಡಾಡುತ್ತದೆ. ದೂರು ಇಷ್ಟೇ: ಗುಂಡ್ಯ ದಾಟಿ ಘಾಟಿ ಹತ್ತಲು ಶುರು ಮಾಡಿದ ಮೇಲೆ, ಅದರಲ್ಲೂ ಎಸಿ ಹಾಕಿಕೊಂಡು ಯಾವುದಾದರೂ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೆ, ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಒಂದು ಸಲ ಮಾರನಹಳ್ಳಿ ಹತ್ತಿರ ರಿಸರ್ವ್ ಬಾಟಲಿಯಿಂದ ಕೂಲೆಂಟ್ (ಎಂಜಿನ್ನಿನ ಶಾಖ ಹೊರಗೆ ಒಯ್ಯುವ ದ್ರವ) ಉಕ್ಕಿ ರಸ್ತೆಗೆ ಚೆಲ್ಲಿತ್ತು. ಸಕಲೇಶಪುರ ಮುಟ್ಟಿದ ಮೇಲೆ ಏನೂ ಇಲ್ಲ. ಹಾಸನದ ಕಡೆಯ ಹೈವೇಯಲ್ಲಿ ಎಂಬತ್ತರಲ್ಲಿ ಓಡಿಸಿದರೂ ಮುಳ್ಳು ಅಲುಗುವುದಿಲ್ಲ.

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ಅರ್ಧ ಉತ್ತರ ಅದರಲ್ಲೇ ಇದೆ.

ಭಾವ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಸಮಸ್ಯೆ ಹೇಳಿದ್ದಾರೆ. ಅಂಗಡಿಯವರು ಮೂರು ಐಟಂ ಕೊಟ್ಟಿದ್ದಾರೆ: ಒಂದು ಕ್ಯಾನ್ "ಸಿಂಥೆಟಿಕ್ ಕೂಲೆಂಟ್", ಟೆಂಪರೇಚರ್ ಇಳಿಸುತ್ತದೆ ಅಂತ ಅದಕ್ಕೆ ಬೆರೆಸಲು ಒಂದು ಸಣ್ಣ ಬಾಟಲಿ ಅಡಿಟಿವ್, ಜೊತೆಗೆ ಫುಲ್ಲಿ ಸಿಂಥೆಟಿಕ್ ಎಂಜಿನ್ ಆಯಿಲ್. ಮೂರನ್ನೂ ಒಂದೇ ದಿನ ಹಾಕಿಸಿದರು. ಮುಂದಿನ ಸಲ ಘಾಟಿ ಹತ್ತಿದಾಗ ಮುಳ್ಳು ಏರಲಿಲ್ಲ. "ನೋಡು ಮಾರಾಯ, ಎಂತ ಕೆಲಸ ಮಾಡಿತು" ಅಂತ ಫೋನ್ ಬಂತು. ಅದರ ಮುಂದಿನ ಸಲ ಮತ್ತೆ ಏರಿತು. ಆಗ ಬಂದ ಫೋನಿನಲ್ಲಿ ದನಿ ಬೇರೆ ಇತ್ತು.

ಇಲ್ಲಿ ಮೊದಲ ತೊಂದರೆ, ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದು. ಕೂಲೆಂಟ್ ಬದಲಾಯಿಸುವಾಗ ದ್ರವ ಮಾತ್ರ ಬದಲಾಗುವುದಿಲ್ಲ. ಕಡಿಮೆಯಾಗಿದ್ದ ಲೆವೆಲ್ ಭರ್ತಿಯಾಗುತ್ತದೆ. ಒಳಗೆ ಕೂತಿದ್ದ ಗಾಳಿಯನ್ನು ಮೆಕ್ಯಾನಿಕ್ ಹೊರಗೆ ಬಿಡುತ್ತಾನೆ. ರೇಡಿಯೇಟರ್ ಕ್ಯಾಪ್ ಸರಿಯಾಗಿ ಕೂರುತ್ತದೆ. ಹೊರಗಿನ ಹವೆಯೂ ಆವತ್ತಿನಂತೆ ಇವತ್ತಿಲ್ಲ. ಭಾವ ಆ ಸಲ ಬೆಳಗ್ಗೆ ಬೇಗ ಹೊರಟಿದ್ದರು, ಎಸಿ ಹಾಕಿರಲಿಲ್ಲ, ಲಾರಿಗಳೂ ಕಡಿಮೆ. ಇಷ್ಟೆಲ್ಲ ಒಟ್ಟಿಗೆ ಬದಲಾದರೂ ಹೆಸರು ಹೋಗುವುದು ಆ ಸಣ್ಣ ಬಾಟಲಿಗೆ. "ನಾನು ಹಾಕಿದ್ದೇನೆ, ನನಗೆ ಫರಕು ಗೊತ್ತಾಗಿದೆ" ಅಂತ ಆಣೆ ಮಾಡಿ ಹೇಳುವವರು ಸುಳ್ಳು ಹೇಳುತ್ತಿಲ್ಲ, ಆದರೆ ಫರಕು ಯಾವುದರಿಂದ ಬಂತು ಅನ್ನೋದು ಅವರಿಗೂ ಗೊತ್ತಿಲ್ಲ.

ಎರಡನೇ ತೊಂದರೆ ಆ ಮುಳ್ಳು. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ನಿಜವಾದ ಥರ್ಮಾಮೀಟರ್ ಅಲ್ಲ. ಕೂಲೆಂಟ್ ಎಪ್ಪತ್ತೈದೆಂಬತ್ತು ಡಿಗ್ರಿಯಿಂದ ಹಿಡಿದು ನೂರರ ಆಸುಪಾಸಿನವರೆಗೆ ಎಲ್ಲಿದ್ದರೂ ಮುಳ್ಳು ನಡುವೆಯೇ ನಿಲ್ಲುವಂತೆ ಕಂಪನಿಯವರೇ ಇಟ್ಟಿರುತ್ತಾರೆ. ಸ್ವಲ್ಪ ಆಡಿದರೂ ಜನ ಗಾಬರಿಬಿದ್ದು ಶೋರೂಮಿಗೆ ಓಡಿ ಬರುತ್ತಾರೆ ಅಂತ. ಕೆಲವು ಚಿಕ್ಕ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ನೀಲಿ ಲೈಟು ಮತ್ತು ಕೆಂಪು ಲೈಟು, ಅಷ್ಟೇ. ಹೀಗಿರುವಾಗ "ಅಡಿಟಿವ್ ಹಾಕಿದ ಮೇಲೆ ಐದು ಡಿಗ್ರಿ ಇಳಿಯಿತು" ಅನ್ನೋದನ್ನು ಡ್ಯಾಶ್‌ಬೋರ್ಡ್ ನೋಡಿ ಹೇಳಲು ಸಾಧ್ಯವೇ ಇಲ್ಲ.

ಹಾಗಾಗಿ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಒಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಫೋನಿನಲ್ಲಿ ಆ್ಯಪ್ ಹಾಕಿಕೊಂಡು ನಾನೂ ಜೊತೆಗೆ ಹೊರಟೆ. ಎಂಜಿನ್ ಕಂಪ್ಯೂಟರ್ ನೋಡುತ್ತಿರುವ ಕೂಲೆಂಟ್ ಟೆಂಪರೇಚರ್ ಅದೇ ಸೆನ್ಸರ್‌ನಿಂದ ನಮಗೂ ಸಿಗುತ್ತದೆ. ಒಂದೊಂದೇ ಡಿಗ್ರಿ ಲೆಕ್ಕದಲ್ಲಿ.

ಉಪ್ಪಿನಂಗಡಿ ದಾಟಿ ಸಮತಟ್ಟು ರಸ್ತೆಯಲ್ಲಿ ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು. ಅಲ್ಲೇ ಆಡುತ್ತಿತ್ತು. ಇದು ಥರ್ಮೋಸ್ಟಾಟ್ ಮಾಡುವ ಕೆಲಸ. ಕೂಲೆಂಟನ್ನು ತಣ್ಣಗಾಗಲು ರೇಡಿಯೇಟರ್ ಕಡೆ ಬಿಡುವ ಆ ವಾಲ್ವ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯಲು ಶುರುವಾಗುತ್ತದೆ. ಕೂಲೆಂಟ್ ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ, ಬಿಸಿಯಾದರೆ ಬಾಯಿ ತೆರೆಯುತ್ತದೆ. ಇದು ಗೊತ್ತಿದ್ದರೆ ಅಡಿಟಿವ್ ಚರ್ಚೆಯ ದೊಡ್ಡ ಪಾಲು ಇಲ್ಲಿಗೇ ಮುಗಿಯಿತು. ಆರೋಗ್ಯವಾಗಿರುವ ಗಾಡಿಯಲ್ಲಿ, ಮಾಮೂಲಿ ಓಟದಲ್ಲಿ, ಟೆಂಪರೇಚರ್ ಎಷ್ಟಿರಬೇಕು ಅಂತ ತೀರ್ಮಾನಿಸುವುದು ಥರ್ಮೋಸ್ಟಾಟ್. ನೀವು ಎಷ್ಟೇ ಒಳ್ಳೆ ದ್ರವ ಸುರಿಯಿರಿ, ಅದು ಹೆಚ್ಚು ಶಾಖ ಸಾಗಿಸಿದರೆ ವಾಲ್ವ್ ಸ್ವಲ್ಪ ಮುಚ್ಚಿಕೊಂಡು ಮತ್ತೆ ಎಂಬತ್ತೆಂಟಕ್ಕೇ ತಂದು ನಿಲ್ಲಿಸುತ್ತದೆ. ಇಳಿಯಬಾರದು ಅಂತಲೇ ಅದನ್ನು ಇಟ್ಟಿರುವುದು.

(ನಮ್ಮ ಕಡೆ ಇನ್ನೊಂದು ಚಾಳಿ ಇದೆ. ಗಾಡಿ ಹೀಟ್ ಆಯಿತು ಅಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು. ಘಾಟಿಯಲ್ಲಿ ಅದು ಹೇಗೂ ಪೂರ್ತಿ ತೆರೆದಿರುತ್ತದೆ, ಕಿತ್ತರೆ ಅಲ್ಲಿ ಲಾಭ ಏನೂ ಇಲ್ಲ. ಸಮತಟ್ಟಿನಲ್ಲಿ ಎಂಜಿನ್ ಯಾವತ್ತೂ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದೊಂದೇ ಫಲ. ಅದೇ ಮುಚ್ಚಿಕೊಂಡು ಕೆಟ್ಟಿದ್ದರೆ ಹೊಸದು ಹಾಕಬೇಕು.)

ಗುಂಡ್ಯ ದಾಟಿತು. ಮುಂದೆ ಮಂಗಳೂರು ಕಡೆಯಿಂದ ತುಂಬಿಕೊಂಡು ಬಂದ ಟ್ಯಾಂಕರ್. ಎರಡನೇ ಗೇರು, ಆಗಾಗ ಒಂದನೇ ಗೇರು. ಎಸಿ ಆನ್. ಫೋನಿನಲ್ಲಿ ಅಂಕಿ ಏರತೊಡಗಿತು. ತೊಂಬತ್ತೈದು, ನೂರು, ನೂರನಾಲ್ಕು. ಹೊರಗಿನಿಂದ ಯಾವ ಸದ್ದೂ ಇಲ್ಲ. ನೂರೆಂಟಕ್ಕೆ ಬಂದಾಗ ಬಾನೆಟ್ ಒಳಗಿನಿಂದ ಗುಯ್ ಅಂತ ಫ್ಯಾನ್ ಜೋರಾಗಿ ಶುರುವಾಯಿತು. ತೊಂಬತ್ತೆಂಟಕ್ಕೆ ಇಳಿಯಿತು. ಫ್ಯಾನ್ ನಿಂತಿತು. ಮತ್ತೆ ಏರಿತು. ಇದೇ ಆಟ ಮೇಲಿನವರೆಗೂ. ಕೂಲೆಂಟ್‌ನಲ್ಲಿ ಅಡಿಟಿವ್ ಇದೆ, ಆಯಿಲ್ ಸಿಂಥೆಟಿಕ್, ಎಲ್ಲವೂ ಹೊಸದು. ಆದರೂ ಇದೇ ಕಥೆ.

ನಾನು ಕೇಳಿದೆ, "ಭಾವ, ಸಿಗ್ನಲ್‌ನಲ್ಲಿ ನಿಂತಾಗ ಎಸಿ ತಣ್ಣಗೆ ಬರುತ್ತಾ?"

"ಇಲ್ಲ ಮಾರಾಯ, ಗಾಡಿ ಓಡುವಾಗ ಮಾತ್ರ ಬರುವುದು. ಎಸಿಯವ ಗ್ಯಾಸ್ ತುಂಬಿಸಿ ಕೊಟ್ಟಿದ್ದಾನೆ, ಆದರೂ ಹಾಗೆಯೇ."

ಎರಡು ಬೇರೆ ಬೇರೆ ದೂರು ಅಂತ ಅವರು ಇಬ್ಬರು ಬೇರೆ ಬೇರೆ ಮಂದಿಗೆ ತೋರಿಸಿದ್ದರು. ಎರಡೂ ಒಂದೇ, ಎಸಿಗೂ ರೇಡಿಯೇಟರಿಗೂ ಗಾಳಿ ಎಳೆಯುವುದು ಅದೇ ಫ್ಯಾನ್. ಈ ಗಾಡಿಯಲ್ಲಿ ರೇಡಿಯೇಟರ್ ಫ್ಯಾನಿಗೆ ಎರಡು ಸ್ಪೀಡ್. ಎಸಿ ಹಾಕಿದ ತಕ್ಷಣ, ಅಥವಾ ಕೂಲೆಂಟ್ ತೊಂಬತ್ತೈದರ ಹತ್ತಿರ ಬಂದಾಗ, ಫ್ಯಾನ್ ನಿಧಾನ ಸ್ಪೀಡಿನಲ್ಲಿ ತಿರುಗಬೇಕು. ಅದಕ್ಕೂ ಮೀರಿ ಬಿಸಿಯಾದರೆ ಮಾತ್ರ ಜೋರು. ನಿಧಾನ ಸ್ಪೀಡಿಗೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟುಹೋದರೆ ನಿಧಾನ ಸ್ಪೀಡ್ ಸತ್ತುಹೋಗುತ್ತದೆ, ಜೋರು ಸ್ಪೀಡ್ ಮಾತ್ರ ಉಳಿಯುತ್ತದೆ. ಮೆಕ್ಯಾನಿಕ್ ಹತ್ತಿರ ನಿಂತು ನೋಡುವಾಗ ಫ್ಯಾನ್ ಕೊನೆಗೆ ತಿರುಗೇ ತಿರುಗುತ್ತದೆ, ಹಾಗಾಗಿ "ಫ್ಯಾನ್ ಸರಿ ಇದೆ" ಅಂದುಬಿಡುತ್ತಾರೆ.

ಪುತ್ತೂರಿಗೆ ವಾಪಸ್ ಬಂದ ಮೇಲೆ ಮುಂದಿನ ಬಂಪರ್ ಬಿಚ್ಚಿಸಿದೆವು. ರೆಸಿಸ್ಟರ್ ನಿಜವಾಗಿಯೂ ಸುಟ್ಟಿತ್ತು, ಅದರ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಇದಕ್ಕಿಂತ ನೋಡಬೇಕಾಗಿದ್ದು ಇನ್ನೊಂದು. ಎಸಿ ಕಂಡೆನ್ಸರ್ (ಎಸಿಯ ಶಾಖ ಹೊರಗೆ ಬಿಡುವ ಜಾಲರಿ) ಮುಂದೆ, ರೇಡಿಯೇಟರ್ ಅದರ ಹಿಂದೆ, ನಡುವೆ ಒಂದೆರಡು ಬೆರಳಿನಷ್ಟು ಸಂದಿ. ಮುಂದಿನಿಂದ ಟಾರ್ಚ್ ಬಿಟ್ಟರೆ ಕಂಡೆನ್ಸರ್ ಫಳಫಳ ಅಂತ ಕಾಣುತ್ತಿತ್ತು. ಸಂದಿಯೊಳಗೆ ಬೇರೆಯೇ ಲೋಕ. ಒಣಗಿದ ಚಿಟ್ಟೆ ರೆಕ್ಕೆ, ಹುಳ, ಎಲೆ ಚೂರು, ಮತ್ತೆ ಅಡಿಕೆ ಅಂಗಳದಲ್ಲಿ ಗಾಡಿ ನಿಲ್ಲಿಸುವ ಮನೆಯಾದ್ದರಿಂದ ಸಿಪ್ಪೆಯ ನಾರು, ಎಲ್ಲ ಮಳೆಗಾಲದ ಕೆಸರಲ್ಲಿ ಕಲಸಿ ರೇಡಿಯೇಟರ್ ಮೇಲೆ ಕಂಬಳಿಯಂತೆ ಅಂಟಿಕೊಂಡಿತ್ತು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಬೆಳಕು ಆಚೆ ತೂರುತ್ತಲೇ ಇರಲಿಲ್ಲ. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ಪೈಪಿನ ನೀರು ಬಿಟ್ಟು ತೊಳೆದೆವು. ಪ್ರೆಶರ್ ವಾಷರ್ ಹತ್ತಿರ ಹಿಡಿಯಬಾರದು, ತೆಳು ರೆಕ್ಕೆಯಂಥ ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅದನ್ನೂ ಬದಲಾಯಿಸಿದೆವು.

ಆ ಮೇಲೆ ಅದೇ ಘಾಟಿ, ಅದೇ ಅಡಿಟಿವ್ ಇರುವ ಅದೇ ಕೂಲೆಂಟ್, ಎಸಿ ಆನ್, ಮುಂದೆ ಲಾರಿ. ತೊಂಬತ್ಮೂರರಿಂದ ತೊಂಬತ್ತೇಳರ ಮಧ್ಯೆ. ಫ್ಯಾನ್ ಸದ್ದಿಲ್ಲದೆ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಯಾರಾದರೂ ಕೇಳಬಹುದು: ಅಡಿಟಿವ್ ಇಲ್ಲದಿದ್ದರೆ ಇನ್ನೂ ಎರಡು ಡಿಗ್ರಿ ಜಾಸ್ತಿ ಇರುತ್ತಿತ್ತೋ ಏನೋ ಅಂತ. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ತಾನಾಗಿಯೇ ಸಿಕ್ಕಿತು. ಕೆಲವು ತಿಂಗಳಾದ ಮೇಲೆ ಕೆಳಗಿನ ಹೋಸ್ ಪೈಪ್ ಬದಲಾಯಿಸಬೇಕಾಗಿ ಬಂದು ಕೂಲೆಂಟ್ ಪೂರ್ತಿ ಇಳಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ಮಾಮೂಲಿ ಕೂಲೆಂಟ್ ಹಾಕಿದರು. ಅಡಿಟಿವ್ ಇಲ್ಲ. ಘಾಟಿಯಲ್ಲಿ ಓದಿದ್ದು ಮತ್ತೆ ತೊಂಬತ್ತೈದರ ಆಚೀಚೆಯೇ. ಹವೆ, ಲೋಡು ಎಲ್ಲ ಒಂದೇ ತರ ಇರಲಿಲ್ಲ, ಲ್ಯಾಬ್ ಪರೀಕ್ಷೆಯಂತೂ ಅಲ್ಲ. ಆದರೆ ಬಾಟಲಿಯ ಮೇಲೆ ಬರೆದಷ್ಟು ದೊಡ್ಡ ಫರಕು ಇದ್ದಿದ್ದರೆ ಕಣ್ಣಿಗೆ ಬೀಳಲೇಬೇಕಿತ್ತು.

ಯಾಕೆ ಹೀಗೆ? ಪೆಟ್ರೋಲ್‌ನಿಂದ ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕೂಲೆಂಟ್ ಮೂಲಕ ಹೊರಗೆ ಹೋಗಬೇಕು. ಸಿಲಿಂಡರ್‌ನ ಲೋಹದಿಂದ ಕೂಲೆಂಟ್‌ಗೆ, ಕೂಲೆಂಟ್‌ನಿಂದ ರೇಡಿಯೇಟರ್ ಟ್ಯೂಬಿಗೆ, ಟ್ಯೂಬಿನಿಂದ ಫಿನ್‌ಗೆ, ಫಿನ್‌ನಿಂದ ಗಾಳಿಗೆ. ಈ ಸಾಲಿನಲ್ಲಿ ಶಾಖ ಅತಿ ಕಷ್ಟಪಟ್ಟು ದಾಟುವುದು ಕೊನೆಯ ಹೆಜ್ಜೆ, ಗಾಳಿಯದ್ದು. ಗಾಳಿ ಶಾಖ ಒಯ್ಯುವುದರಲ್ಲಿ ತುಂಬ ಬಡವ, ಅದಕ್ಕೇ ಅಷ್ಟೊಂದು ಫಿನ್, ಅದಕ್ಕೇ ಫ್ಯಾನ್. ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ: ರೇಡಿಯೇಟರ್‌ನಲ್ಲಿ ಒಟ್ಟು ಅಡ್ಡಿಯಲ್ಲಿ ದ್ರವದ ಕಡೆಯದ್ದು ಹತ್ತು ಪರ್ಸೆಂಟ್, ಅಡಿಟಿವ್ ಅದನ್ನು ಐದನೇ ಒಂದು ಭಾಗ ಇಳಿಸಿತು. ಒಟ್ಟು ಲಾಭ ಎರಡು ಪರ್ಸೆಂಟ್. ಹೊರಗೆ 32 ಡಿಗ್ರಿ, ಕೂಲೆಂಟ್ 95 ಅಂದರೆ ಅಂತರ 63. ಅದರ ಎರಡು ಪರ್ಸೆಂಟ್ ಅಂದರೆ ಒಂದು ಡಿಗ್ರಿ ಚಿಲ್ಲರೆ. ಅದೇ ರೇಡಿಯೇಟರ್‌ನ ಮೂರನೇ ಒಂದು ಭಾಗ ಕಸದಿಂದ ಮುಚ್ಚಿಹೋಗಿದ್ದರೆ?

ಹೈವೇಯಲ್ಲಿ ಯಾಕೆ ತಣ್ಣಗಿತ್ತು ಅನ್ನೋದೂ ಇದರಿಂದಲೇ ಗೊತ್ತಾಗುತ್ತದೆ. ಎಂಬತ್ತರ ಸ್ಪೀಡಿನಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ, ಫ್ಯಾನ್ ಬೇಕಿಲ್ಲ. ಘಾಟಿಯಲ್ಲಿ ಎಂಜಿನ್‌ಗೆ ಕೆಲಸ ಜಾಸ್ತಿ, ಗಾಳಿ ಕಡಿಮೆ. ನಿಧಾನಕ್ಕೆ ಹೋಗುವಾಗ ಹೀಟ್ ಆಗಿ, ವೇಗದಲ್ಲಿ ಸರಿಯಾದರೆ ಮೊದಲು ಫ್ಯಾನ್ ಮತ್ತು ಫಿನ್ ನೋಡಿ. ಉಲ್ಟಾ ಆದರೆ, ಅಂದರೆ ನಿಂತಾಗ ಸರಿ ಇದ್ದು ಹೈವೇಯಲ್ಲಿ ಹೀಟ್ ಆದರೆ, ಟ್ಯೂಬ್ ಒಳಗೆ ಬ್ಲಾಕ್, ಥರ್ಮೋಸ್ಟಾಟ್, ವಾಟರ್ ಪಂಪ್ ಇವುಗಳ ಮೇಲೆ ಅನುಮಾನ ಪಡಬೇಕು.

ಹಾಗಾದರೆ ಆ ಅಡಿಟಿವ್ ಪೂರ್ತಿ ಮೋಸವಾ? ಅಲ್ಲ. ಅದಕ್ಕೊಂದು ಜಾಗ ಇದೆ, ಅದು ಭಾವನ ಕಾರಲ್ಲ ಅಷ್ಟೇ.

ಎಂಜಿನ್ ಹೆಡ್ಡಿನಲ್ಲಿ, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳದ ಭಾಗದಲ್ಲಿ, ಎಕ್ಸಾಸ್ಟ್ ವಾಲ್ವ್ ಸುತ್ತಮುತ್ತ, ಲೋಹ ಎಷ್ಟು ಬಿಸಿ ಇರುತ್ತದೆ ಅಂದರೆ ಅಲ್ಲಿ ಕೂಲೆಂಟ್ ಲೋಹದ ಮೇಲೆಯೇ ಸಣ್ಣ ಗುಳ್ಳೆಗಳಾಗಿ ಕುದಿಯುತ್ತದೆ. ಇದು ಒಳ್ಳೆಯದೇ, ಗುಳ್ಳೆ ಎದ್ದು ಹೋಗುವಾಗ ತುಂಬ ಶಾಖ ಒಯ್ಯುತ್ತದೆ. ಗುಳ್ಳೆಗಳು ದೊಡ್ಡದಾಗಿ ಒಂದಕ್ಕೊಂದು ಸೇರಿ ಲೋಹಕ್ಕೂ ದ್ರವಕ್ಕೂ ನಡುವೆ ಆವಿಯ ಪದರ ಆದರೆ ಕಷ್ಟ. ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದರೆ ಹನಿ ಆರದೆ ಓಡಾಡುತ್ತದಲ್ಲ, ಅದೇ ಸ್ಥಿತಿ. ಅಡಿಟಿವ್‌ನಲ್ಲಿರುವ ಸರ್ಫ್ಯಾಕ್ಟೆಂಟ್ ನೀರಿನ ಮೇಲ್ಮೈ ಎಳೆತ ಕಡಿಮೆ ಮಾಡಿ ಗುಳ್ಳೆ ಸಣ್ಣದಿರುವಾಗಲೇ ಬಿಟ್ಟು ಹೋಗುವಂತೆ ಮಾಡುತ್ತದೆ. ಲೋಹಕ್ಕೆ ಅದರಿಂದ ಲಾಭ ಆಗಬಹುದು. ಅಮೆರಿಕದ ರೆಡ್ ಲೈನ್ ಕಂಪನಿಯ ವಾಟರ್ ವೆಟ್ಟರ್ ಈ ಜಾತಿಯ ಹೆಸರಾದ ಮಾಲು. "20 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ" ಇಳಿಸುತ್ತದೆ ಅನ್ನೋದು ಅವರ ಮಾತು. ನಮ್ಮ ಲೆಕ್ಕದಲ್ಲಿ 11 ಡಿಗ್ರಿ. ಎರಡು ಕಡೆ ಬೆರಳಿಟ್ಟು ಓದಬೇಕು: "ವರೆಗೆ" ಅನ್ನೋ ಪದ ಒಂದು. ಇನ್ನೊಂದು, ಅದು ಹೆಚ್ಚು ಕೆಲಸ ಮಾಡುವುದು ಬರೀ ನೀರಿನ ಜೊತೆ. ರೇಸ್ ಟ್ರ್ಯಾಕ್‌ಗಳಲ್ಲಿ ಗ್ಲೈಕಾಲ್ (ಮಾಮೂಲಿ ಕೂಲೆಂಟ್‌ನಲ್ಲಿ ನೀರಿನ ಜೊತೆ ಇರುವ ದ್ರವ) ಚೆಲ್ಲಿದರೆ ರಸ್ತೆ ಜಾರುತ್ತದೆ ಅಂತ ಅನೇಕ ಕಡೆ ಅದನ್ನು ಬಿಡುವುದಿಲ್ಲ. ಅಲ್ಲಿ ಬರೀ ನೀರು, ತುಕ್ಕು ತಡೆಯಲು ಇಂಥ ಅಡಿಟಿವ್. ಅಲ್ಲಿಗೆ ಸರಿ. ಅರ್ಧ ಗ್ಲೈಕಾಲ್ ಇರುವ ರಸ್ತೆ ಕಾರಿನಲ್ಲಿ ಅದರ ಪ್ರಭಾವ ಇನ್ನೂ ಕಡಿಮೆ.

ಇಲ್ಲಿ ಒಂದು ವಿಷಯ ತುಂಬ ಜನಕ್ಕೆ ಆಶ್ಚರ್ಯ ಆಗುತ್ತದೆ. ಶಾಖ ಒಯ್ಯುವುದರಲ್ಲಿ ಬರೀ ನೀರನ್ನು ಮೀರಿಸುವ ಕೂಲೆಂಟ್ ಇಲ್ಲ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಅರ್ಧ ನೀರು ಅರ್ಧ ಎಥಿಲೀನ್ ಗ್ಲೈಕಾಲ್‌ಗೆ ಸುಮಾರು 3.5. ಬರೀ ಗ್ಲೈಕಾಲ್‌ಗೆ ಮಾಮೂಲಿ ಹವೆಯಲ್ಲಿ 2.4. ಅಂದರೆ ಕೂಲೆಂಟ್ ಹಾಕುವುದು ಹೆಚ್ಚು ತಣ್ಣಗಾಗಲಿ ಅಂತ ಅಲ್ಲವೇ ಅಲ್ಲ. ಕುದಿಯುವ ಮಟ್ಟ ಮೇಲೇರಲಿ, ತುಕ್ಕು ಹಿಡಿಯದಿರಲಿ, ಚಳಿ ದೇಶದಲ್ಲಿ ಹೆಪ್ಪುಗಟ್ಟದಿರಲಿ ಅಂತ. ಅರ್ಧರ್ಧ ಮಿಶ್ರಣ ಸಮುದ್ರಮಟ್ಟದಲ್ಲಿ ಕ್ಯಾಪ್ ಇಲ್ಲದೆ 107ರ ಹತ್ತಿರ ಕುದಿಯುತ್ತದೆ, ಒಂದು ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ 129ರ ಹತ್ತಿರ.

ಮಾರನಹಳ್ಳಿಯಲ್ಲಿ ಉಕ್ಕಿದ್ದಕ್ಕೆ ಕಾರಣ ಇದೇ ಕ್ಯಾಪು. 108 ಡಿಗ್ರಿ ಒಳ್ಳೆ ಕ್ಯಾಪ್ ಇರುವ ಗಾಡಿಯಲ್ಲಿ ಕುದಿಯುವ ಮಾತೇ ಇಲ್ಲ. ಬಿರುಕು ಬಿಟ್ಟ ರಬ್ಬರ್ ಒತ್ತಡ ಹಿಡಿಯಲಿಲ್ಲ, ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡವೂ ಇಳಿಯುತ್ತಾ ಬರುತ್ತದೆ, ಕುದಿಯುವ ಮಟ್ಟ ಕೆಳಗೆ ಬಂತು. ಸಕಲೇಶಪುರ ಒಂಬೈನೂರು ಮೀಟರ್‌ಗಿಂತ ಎತ್ತರ, ಅಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದಿಯುತ್ತದೆ. ಬಿಸಿ ಇರುವಾಗ ಕ್ಯಾಪ್ ತಿರುಗಿಸಬೇಡಿ ಅನ್ನೋದೂ ಇದಕ್ಕೇ. ಒತ್ತಡ ಬಿಟ್ಟ ಕ್ಷಣ ಒಳಗಿದ್ದದ್ದು ಅಲ್ಲೇ ಕುದಿದು ಮುಖಕ್ಕೆ ಹಾರುತ್ತದೆ.

ನೀರೇ ಇಲ್ಲದ ಕೂಲೆಂಟ್ ಅಂತಲೂ ಈಗ ಮಾರುತ್ತಾರೆ, ದುಬಾರಿ ರೇಟು. ಅದು ಕುದಿಯುವುದು ನೂರೆಂಬತ್ತು ಡಿಗ್ರಿ ದಾಟಿದ ಮೇಲೆ, ಹಾಗಾಗಿ ಉಕ್ಕುವುದಿಲ್ಲ. ಆದರೆ ಶಾಖ ಒಯ್ಯುವ ಶಕ್ತಿ ನೀರಿಗಿಂತ ತುಂಬ ಕಡಿಮೆ, ಲೋಹ ಇನ್ನೂ ಸ್ವಲ್ಪ ಬಿಸಿಯಾಗಿಯೇ ಇರುತ್ತದೆ. ಈ ಪಾಠ ಹಳೆಯದು. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್‌ನ ಮೊದಲ ಮಾಡೆಲ್‌ಗಳಲ್ಲಿ ಬರೀ ಎಥಿಲೀನ್ ಗ್ಲೈಕಾಲ್ ಹಾಕುತ್ತಿದ್ದರು. ಅದು 197 ಡಿಗ್ರಿಯಲ್ಲಿ ಕುದಿಯುವ ದ್ರವ, ಎಂಜಿನ್ ಬಿಸಿಯಾಗಿ ಓಡಿಸಿ ಚಿಕ್ಕ ರೇಡಿಯೇಟರ್‌ನಲ್ಲಿ ಮುಗಿಸಬಹುದಿತ್ತು. ಆಮೇಲೆ ಸ್ಪಿಟ್‌ಫೈರ್ ಮಾರ್ಕ್ 2ರಲ್ಲಿ ಕೂತ ಮರ್ಲಿನ್ 12ರ ಹೊತ್ತಿಗೆ ಎಪ್ಪತ್ತು ಭಾಗ ನೀರು, ಮೂವತ್ತು ಭಾಗ ಗ್ಲೈಕಾಲ್‌ಗೆ ಬಂದರು, ಜೊತೆಗೆ ಒತ್ತಡ. ಯುದ್ಧ ವಿಮಾನದವರು ನೀರಿಲ್ಲದ್ದನ್ನು ಬಿಟ್ಟು ನೀರಿನ ಕಡೆ ಬಂದಿದ್ದಾರೆ, ನಾವು ಎಂಬತ್ತು ವರ್ಷ ಆದ ಮೇಲೆ ದುಡ್ಡು ಕೊಟ್ಟು ಉಲ್ಟಾ ಹೋಗುತ್ತಿದ್ದೇವೆ ಅನ್ನಿಸುತ್ತದೆ ನನಗೆ.

ಆಯಿಲ್ ವಿಷಯ ಬೇಗ ಮುಗಿಸುತ್ತೇನೆ. ಸಿಂಥೆಟಿಕ್ ಆಯಿಲ್ ಶಾಖ ತಡೆದುಕೊಳ್ಳುತ್ತದೆ, ಬೇಗ ಕೆಡುವುದಿಲ್ಲ. ಶಾಖ ಇಳಿಸುತ್ತದೆ ಅನ್ನೋದು ಬೇರೆ ಮಾತು. ಶಾಖ ಹಿಡಿಯುವ ಗುಣ ಮಿನರಲ್ ಆಯಿಲ್‌ಗೂ ಸಿಂಥೆಟಿಕ್‌ಗೂ ಹತ್ತಿರಹತ್ತಿರ ಒಂದೇ. ತೆಳು ಗ್ರೇಡ್ ಆದರೆ ಉಜ್ಜುವಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಘಾಟಿಯಲ್ಲಿ ಎಂಜಿನ್ ಬಿಸಿ ಮಾಡುವುದು ಮುಖ್ಯವಾಗಿ ಉರಿಯುವ ಪೆಟ್ರೋಲ್, ಉಜ್ಜುವಿಕೆ ಅಲ್ಲ.

ಅಡಿಟಿವ್‌ಗಿಂತ ನನಗೆ ಹೆಚ್ಚು ಭಯ ಇರುವುದು ಅದರ ಪಕ್ಕದ ಶೆಲ್ಫಿನಲ್ಲಿರುವ ಲೀಕ್ ನಿಲ್ಲಿಸುವ ಬಾಟಲಿ ಬಗ್ಗೆ. ತೂತು ಮುಚ್ಚುವ ಅದೇ ಪುಡಿ ರೇಡಿಯೇಟರ್‌ನ ಸಣ್ಣ ಟ್ಯೂಬನ್ನೂ ಮುಚ್ಚಬಲ್ಲದು. ಆಮೇಲೆ ಬೋರ್‌ವೆಲ್ ನೀರು. ಗಡಸು ನೀರು ಬೆರೆಸಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ನೀರು ಕಾಯಿಸುವ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಡಿಸ್ಟಿಲ್ಡ್ ನೀರು ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ, ಅದನ್ನೇ ಬೆರೆಸಿ, ಇಲ್ಲದಿದ್ದರೆ ಬೆರೆಸಿಯೇ ಬರುವ ಕೂಲೆಂಟ್ ತಗೊಳ್ಳಿ. ಬಣ್ಣ ನೋಡಿ ಕೂಲೆಂಟ್ ಸೇರಿಸಬೇಡಿ. ಹಸಿರು, ಕೆಂಪು, ನೀಲಿಗೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಹೊಂದದ ಎರಡು ಜಾತಿ ಸೇರಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಲೋಳೆಯೂ ಕಟ್ಟುತ್ತದೆ.

ಭಾವನ ಗಾಡಿಗೆ ಕೊನೆಗೆ ಆದ ಖರ್ಚಿನಲ್ಲಿ ರೆಸಿಸ್ಟರ್ ಮತ್ತು ಕ್ಯಾಪ್ ಎರಡೂ ಸೇರಿ ಆ ಸಿಂಥೆಟಿಕ್ ಆಯಿಲ್ ಕ್ಯಾನಿನ ಅರ್ಧಕ್ಕೂ ಬರಲಿಲ್ಲ. ಬಂಪರ್ ಬಿಚ್ಚಿ ಹಾಕುವ ಲೇಬರ್ ಬೇರೆ. 108 ಡಿಗ್ರಿಗೆ ಅಷ್ಟು ಸಲ ಹೋಗಿದ್ದರಿಂದ ಹೆಡ್ ಗ್ಯಾಸ್ಕೆಟ್‌ಗೆ (ಹೆಡ್ಡಿನ ಅಡಿಯ ಸೀಲು) ಏನಾದರೂ ಆಗಿದೆಯಾ ಅಂತ ಸಣ್ಣ ಅನುಮಾನ ಇತ್ತು. ಹಾಗಾಗಿ ಆಯಿಲ್ ಕ್ಯಾಪ್ ಅಡಿಯಲ್ಲಿ ಹಾಲಿನಂಥ ಬಿಳಿ ನೊರೆ, ರಿಸರ್ವ್ ಬಾಟಲಿಯಲ್ಲಿ ಗುಳ್ಳೆ, ಕಾರಣವಿಲ್ಲದೆ ಲೆವೆಲ್ ಇಳಿಯುವುದು ಈ ಮೂರನ್ನು ಗಮನಿಸುತ್ತಿರಿ ಅಂತ ಹೇಳಿದ್ದೆ. ಇವತ್ತಿನವರೆಗೆ ಒಂದೂ ಕಂಡಿಲ್ಲ. ಸಿಗ್ನಲ್‌ನಲ್ಲಿ ನಿಂತಾಗಲೂ ಎಸಿ ತಣ್ಣಗೆ ಬರುತ್ತಿದೆಯಂತೆ. ಅಕ್ಕನಿಗೆ ಈ ಇಡೀ ಪುರಾಣದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಅಂತೆ.